ಮೌನವೆಂದರೆ ನಿಲ್ಲು

ಅಕ್ಟೋಬರ್ ಕೊನೆ. ಪೋಲೆಂಡಿನ ಕುಯಾವಿ ಬಯಲಲ್ಲಿ ಮಂಜು.
ಗೇಟಿನಾಚೆ ಲಾರಿಗಳು, ಲಾರಿಗಳಲ್ಲಿ ಸಕ್ಕರೆ ಬೀಟು,
ಬೀಟಿಗಂಟಿದ ಮಣ್ಣು; ಮಣ್ಣಿಗೂ ತೂಕವಿದೆ,
ಆ ತೂಕಕ್ಕೆ ದುಡ್ಡಿಲ್ಲ. ಈ ಜಗಳ ಪ್ರತಿ ವರ್ಷದ್ದು.
ಒಮ್ಮೆ ಹೊತ್ತಿದ ಬಾಯ್ಲರು ಜನವರಿವರೆಗೆ ಆರುವಂತಿಲ್ಲ.

ಮೂವತ್ತೆಂಟು ವರ್ಷ ನಾನು, ಲುದ್ವಿಕ,
ಮೂರು ಕಪಾಟಿನ ತುಂಬ ರಿಲೇಗಳನ್ನು ಸಾಕಿದೆ.
ಚಟ್ ಎಂದರೆ ತೊಳೆಯುವ ತೊಟ್ಟಿ, ಚಟ್ಚಟ್ ಎಂದರೆ ಕನ್ವೇಯರು,
ಗೊರಗೊರ ಎಂದರೆ ಯಾವುದೋ ತುದಿ ಸುಟ್ಟು ಕಪ್ಪಾಗಿದೆ;
ಊಟದ ಕೋಣೆಯಿಂದಲೇ ಹೇಳುತ್ತಿದ್ದೆ ಯಾವುದೆಂದು,
ಬಾಯಲ್ಲಿ ಬ್ರೆಡ್ಡಿರುವಾಗಲೇ.
ಯಂತ್ರದ ಮನಸ್ಸು ಬದಲಿಸಬೇಕಾದರೆ
ಮೊಣಕಾಲೂರಿ ತಂತಿ ಬಿಚ್ಚಬೇಕಿತ್ತು.

ಬೇಸಿಗೆಯಲ್ಲಿ ಕಪಾಟುಗಳು ಗುಜರಿಗೆ ಹೋದವು.
ಅಷ್ಟೂ ಜಾಗದಲ್ಲಿ ಈಗೊಂದು ಬೂದು ಪೆಟ್ಟಿಗೆ,
ನನ್ನ ಊಟದ ಡಬ್ಬಿಯಷ್ಟು.
ಅದರ ಜೊತೆ ಬಂದವಳು ಬೋಗ್ನಾ, ಇಪ್ಪತ್ತನಾಲ್ಕು,
ಎಡಗೈ ಉಗುರಿಗೆ ಮಾತ್ರ ಬಣ್ಣ.

'ಪಿಎಲ್‌ಸಿ,' ಎಂದಳು. 'ನಿಮ್ಮ ರಿಲೇಗಳೇ ಇದರೊಳಗಿವೆ,
ಸದ್ದು ಬಿಟ್ಟು ಬಂದಿವೆ, ಅಷ್ಟೆ.'
ಪರದೆಯ ಮೇಲೆ ಒಂದು ಏಣಿ.
ಮೆಟ್ಟಿಲು ಮೆಟ್ಟಿಲಿಗೂ ಷರತ್ತು:
ತೊಟ್ಟಿ ತುಂಬಿದ್ದರೆ, ಬಾಗಿಲು ಮುಚ್ಚಿದ್ದರೆ,
ಹಸಿರು ಗುಂಡಿ ಒತ್ತಿದರೆ, ಆಗ ಮೋಟಾರು.
ಗುಂಡಿಯಿಂದ ಬೆರಳೆತ್ತಿದ ಮೇಲೂ
ಓಡುತ್ತಿದ್ದೇನೆಂಬ ಕಾರಣಕ್ಕೇ ಓಡುವ ಮೋಟಾರು.
ನಾನೂ ಹಾಗೇ, ಎಂದುಕೊಂಡೆ. ಹೇಳಲಿಲ್ಲ.

'ಮೊದಲು ಎಲ್ಲ ತಂತಿಗಳನ್ನೂ ಒಂದೇ ಸಲ ನೋಡುತ್ತೆ.
ಆಮೇಲೆ ಏಣಿಯನ್ನು ಮೇಲಿಂದ ಕೆಳಕ್ಕೆ ಓದುತ್ತೆ.
ಓದಿ ಮುಗಿದ ಮೇಲಷ್ಟೇ ಕೈಯೆತ್ತುತ್ತೆ. ಮತ್ತೆ ನೋಡುತ್ತೆ.'
'ಎಷ್ಟು ಹೊತ್ತಿಗೊಮ್ಮೆ?'
'ನೀವು ರೆಪ್ಪೆ ಬಡಿಯುವಷ್ಟರಲ್ಲಿ ಹತ್ತು ಸಲ.'
ಓದುವ ನಡುವೆ ಏನಾದರೂ ಆದರೆ
ಮುಂದಿನ ಸುತ್ತಿನವರೆಗೆ ಅದಕ್ಕೆ ತಿಳಿಯದು.
ಅಷ್ಟು ಕುರುಡು ಎಲ್ಲರಿಗೂ ಇದ್ದದ್ದೇ.

ಮೊದಲ ರಾತ್ರಿ ಕನ್ವೇಯರು ಕದಲಲಿಲ್ಲ.
ಒತ್ತಿದಳು. ಇಲ್ಲ. ಮತ್ತೆ. ಇಲ್ಲ.
ಹೊರಗೆ ನಲವತ್ತು ಲಾರಿ, ಫೋನಿನಲ್ಲಿ ಮ್ಯಾನೇಜರು.
ನಾನು ಶಾಲೆ ಹುಡುಗನ ಹಾಗೆ ಬೆರಳಿಟ್ಟು ಓದಿದೆ.
ಏಳನೆಯ ಮೆಟ್ಟಿಲಲ್ಲಿ ಕೆಂಪು ಗುಂಡಿ,
ಅದರ ಚಿಹ್ನೆಗೊಂದು ಓರೆಗೆರೆ.
'ಇದೇಕೆ?'
'ಒತ್ತದಿದ್ದಾಗ ಓಡಬೇಕಲ್ಲ?'
'ಆ ಗುಂಡಿ ಹೊರಗೇ ತಿರುಗಿದೆ, ಮಗಳೆ.
ಒತ್ತದಿದ್ದಾಗ ಹರಿಯುತ್ತೆ, ಒತ್ತಿದಾಗ ಕಡಿಯುತ್ತೆ.
ತಿರುಗಿಸಿದ ಮಾತನ್ನು ನೀನು ಮತ್ತೆ ತಿರುಗಿಸಿದ್ದೀ.'
'ಉಲ್ಟಾ ಯಾರು ಕಟ್ಟಿದರು?'
'ನಾನೇ.'

ಎಂಬತ್ತಾರರವರೆಗೆ ಅದು ನೆಟ್ಟಗೇ ಇತ್ತು:
ಒತ್ತಿದರೆ ಸುದ್ದಿ ಹೋಗಬೇಕು, ನಿಲ್ಲಬೇಕು.
ಆ ತಂತಿಯನ್ನು ಇಲಿ ಕಡಿದಿತ್ತು.
ತಿಂಗಳುಗಟ್ಟಲೆ ಯಾರಿಗೂ ತಿಳಿಯಲಿಲ್ಲ,
ಒತ್ತುವ ಪ್ರಸಂಗ ಬಂದಿರಲಿಲ್ಲ.
ಬಂದ ದಿನ ಒತ್ತಿದವನು ಸಿಲ್ವೆಸ್ತೆರ್, ಬಲಗೈಯಲ್ಲಿ.
ಎಡಗೈ ಬೀಟು ಹೆಚ್ಚುವ ಡ್ರಮ್ಮಿನಲ್ಲಿತ್ತು.

ಆ ವಾರವೇ ಎಲ್ಲ ಕೆಂಪು ಗುಂಡಿಗಳನ್ನೂ ಮಗುಚಿ ಕಟ್ಟಿದೆ.
'ಇದ್ದೇನೆ, ಇದ್ದೇನೆ' ಎನ್ನುತ್ತಲೇ ಇರಬೇಕು ತಂತಿ.
ಒತ್ತಿದರೂ ಸರಿ, ಹರಿದರೂ ಸರಿ, ಇಲಿ ತಿಂದರೂ ಸರಿ,
ದನಿ ನಿಂತಿತೋ, ಚಕ್ರ ನಿಲ್ಲಬೇಕು.
ಮೌನ ಸಮ್ಮತಿಯ ಲಕ್ಷಣವಂತೆ.
ಅದನ್ನು ಯಾರೋ ಮದುವೆ ಮನೆಯಲ್ಲಿ ಹೇಳಿದ್ದಿರಬೇಕು.

ಬೋಗ್ನಾ ಓರೆಗೆರೆ ಅಳಿಸಿದಳು. ಎರಡು ಕೀಲಿ, ಮುಗಿಯಿತು;
ಯಾರೂ ಮೊಣಕಾಲೂರಲಿಲ್ಲ.
ಕನ್ವೇಯರು ಒಮ್ಮೆ ನಡುಗಿ ಹೊರಟಿತು.
ಏಳನೆಯ ಮೆಟ್ಟಿಲ ಪಕ್ಕ ಅವಳೊಂದು ಟಿಪ್ಪಣಿ ಬರೆದಳು:
'ಇದನ್ನು ತಿರುಗಿಸಬೇಡಿ. ಸಿಲ್ವೆಸ್ತೆರನ ಕೈ.'
ಪೆಟ್ಟಿಗೆ ಟಿಪ್ಪಣಿಗಳನ್ನು ಓದುವುದಿಲ್ಲವಂತೆ,
ದಾಟಿ ಹೋಗುತ್ತದಂತೆ. ಇರಲಿ.

ಊಟದ ಕೋಣೆಯಲ್ಲಿ ಬ್ರೆಡ್ಡು ಮುರಿದೆ, ಕಿವಿಗೊಟ್ಟೆ.
ಕಪಾಟುಗಳ ಕಡೆಯಿಂದ ಒಂದು ಸದ್ದೂ ಇಲ್ಲ.
ಎಲ್ಲ ಸರಿಯಿದೆ ಎಂದು ಗೊತ್ತು,
ಆದರೂ ಅಗಿಯುವುದನ್ನು ನಿಲ್ಲಿಸಿದೆ.