ಹೆಪ್ಪು

ಕಡಲಡಿಯ ಕೇಬಲ್ ಹರಿದು ಒಂಬತ್ತು ದಿನ.
ಕ್ಲಾಕ್ಸ್‌ವೀಕ್ ಬಂದರಿನ ತಗಡಿನ ಗೂಡಲ್ಲಿ
ಎರಡು ಜೊತೆ ಉಣ್ಣೆಯ ಕಾಲುಚೀಲ ತೊಟ್ಟು
ರಾನ್ವಾ ಕೂತಿದ್ದಾಳೆ.
ಹೊರಗೆ ಬಲೆಯ ಪಂಜರದಲ್ಲಿ ಸಾಮನ್ ಮೀನು ಹಸಿದಿವೆ.
ಮೇವೆರಚುವ ಹೊಸ ಪೆಟ್ಟಿಗೆಯ ಭಾಷೆ ತಿಳಿದ
ಕಂಪೈಲರ್ ಯಾರಲ್ಲೂ ಇಲ್ಲ.

ಇರುವುದು ಸೋರ್ಸ್ ಕೋಡ್ ಮಾತ್ರ,
ಡಿಸ್ಕಿನ ತುಂಬ, ಬೇಯದ ಅಕ್ಕಿಯ ಹಾಗೆ.
ಕಂಪೈಲರ್ ಕಟ್ಟಲು ಕಂಪೈಲರ್ ಬೇಕು,
ಮೊಸರಾಗಲು ಮೊಸರು ಬೇಕಲ್ಲ, ಹಾಗೆ.
ಮನೆಯಲ್ಲಿ ಹೆಪ್ಪಿಲ್ಲದವರು
ಬಟ್ಟಲು ಹಿಡಿದು ನೆರೆಮನೆಗೆ ಹೋಗಬೇಕು.

ನೆರೆಯವನು ಮೊರ್ತನ್. ಗುಜರಿಗೆ ಹೊರಟ ಅವನ ದೋಣಿಯ
ಚುಕ್ಕಾಣಿ ಕೋಣೆಯಲ್ಲಿ ಉಪ್ಪು ಹಿಡಿದ ಕಂಪ್ಯೂಟರು,
ಅದರೊಳಗೆ ಹದಿನೇಳು ವರ್ಷ ಹಳೆಯ ಕಂಪೈಲರು.
"ಓಡುತ್ತದಾ?" ಎಂದಳು.
"ಕನ್‌ಸ್ಕಾ" ಎಂದ. ಇರಬಹುದು, ಅಂತ.
ಈ ದ್ವೀಪದಲ್ಲಿ ಹಡಗಿಗೆ, ಹವೆಗೆ, ಮದುವೆಗೆ
ಎಲ್ಲಕ್ಕೂ ಅದೇ ಉತ್ತರ.

ಮೊದಲ ರಾತ್ರಿ ಮುನ್ನೂರ ನಲವತ್ತು ತಪ್ಪು.
ಕೊನೆಯದನ್ನು ಓದಿದಳು, ಅದರ ಹಿಂದಿನದನ್ನು ಓದಿದಳು,
ಸ್ವಲ್ಪ ಅತ್ತಳು ಕೂಡ.
ಬೆಳಗಿನ ಜಾವ ಬುದ್ಧಿ ಬಂತು: ಮೊದಲನೆಯದನ್ನು ಓದು.
ಒಂದು ಹೆಡರ್ ಫೈಲು ಕಾಣೆಯಾಗಿತ್ತು, ಅಷ್ಟೆ.
ಉಳಿದ ಮುನ್ನೂರ ಮೂವತ್ತೊಂಬತ್ತೂ
ಮುಂದಿನದು ಬಿತ್ತೆಂದು ಬಿದ್ದ ಕುರಿ.

ಎರಡನೆಯ ರಾತ್ರಿ ಒಂದೇ ಪದ: ಕೊಲ್ಲಲಾಯಿತು.
ಕೊಂದವರು ಯಾರು? ಇವಳೇ.
ನಾಲ್ಕು ಕೆಲಸ ಒಟ್ಟಿಗೆ ಹಚ್ಚಿ, ಮೆಮೊರಿ ಸಾಲದೆ,
ಯಂತ್ರ ಉಸಿರುಗಟ್ಟಿತ್ತು.
"ಒಂದೊಂದಾಗಿ ಮಾಡು ಮಾರಾಯ" ಎಂದು ದೀಪ ಆರಿಸಿದಳು.
ಹನ್ನೊಂದು ಗಂಟೆ ಫ್ಯಾನು ಗೊಣಗಿತು.

ಮೂರನೆಯದು ವಿಚಿತ್ರ.
ಕಟ್ಟಿದ್ದನ್ನೇ ಕಟ್ಟುತ್ತಿದೆ, ಮುಗಿಸಿ ಮೊದಲಿಂದ,
ಮತ್ತೆ ಮುಗಿಸಿ ಮೊದಲಿಂದ;
'ಈ ಫೈಲು ನಾಳೆಯದು' ಎಂಬ ದೂರು ಬೇರೆ.
ಗಡಿಯಾರ ನೋಡಿದಳು:
ಒಂದು ಜನವರಿ, ಸಾವಿರದ ಒಂಬೈನೂರ ಎಪ್ಪತ್ತು.
ಒಳಗಿನ ಬಿಲ್ಲೆ ಬ್ಯಾಟರಿ ಸತ್ತಿತ್ತು.
ಗಾಳಿಗೆ ಕರೆಂಟು ಹೋಗಿ ಬಂದಾಗಲೆಲ್ಲ
ಯಂತ್ರಕ್ಕೆ ಅದೇ ಹೊಸವರ್ಷ.

ಮೊರ್ತನ್ ಇಣುಕಿ ನಕ್ಕ:
"ಆ ಜನವರಿ ನಾನು ಗ್ರೀನ್‌ಲ್ಯಾಂಡ್ ಕಡಲಲ್ಲಿ,
ಹದಿನಾರರ ಹುಡುಗ, ಬಾಯ್ತುಂಬ ಹಲ್ಲು.
ಅದನ್ನು ಅಲ್ಲೇ ಇರಲು ಬಿಡೇ."

ಅಂಗಡಿ ಮುಚ್ಚಿತ್ತು. ಅಮ್ಮನ ಅಡುಗೆ ತಕ್ಕಡಿಯ ಹೊಟ್ಟೆ ಬಿಚ್ಚಿ
ಅದೇ ಅಳತೆಯ ಬಿಲ್ಲೆ ತೆಗೆದಳು.
ಅಮ್ಮ ಹಿಟ್ಟನ್ನು ಕೈಯಂದಾಜಿಗೆ ಸುರಿದಳು,
ಬೈಗುಳಕ್ಕೆ ಅಳತೆಯಿರಲಿಲ್ಲ.

ಎರವಲು ಹೆಪ್ಪಿನಲ್ಲಿ ಹುಟ್ಟಿದ್ದು ಒಂದು,
ಅದು ಹೆತ್ತದ್ದು ಎರಡನೆಯದು, ಎರಡನೆಯದು ಹೆತ್ತದ್ದು ಮೂರು.
ಎರಡೂ ಮೂರೂ ಅಕ್ಷರಕ್ಕಕ್ಷರ ಒಂದೇ ಇದ್ದರೆ
ನೆರೆಮನೆಯ ಹುಳಿ ಪೂರ್ತಿ ಕಳೆದಂತೆ.
ಹೋಲಿಸು, ಎಂದಳು.

ಯಂತ್ರ ಏನೂ ಹೇಳಲಿಲ್ಲ.
ವ್ಯತ್ಯಾಸವಿದ್ದರೆ ಮಾತ್ರ ಬಾಯಿಬಿಡುವ ಜಾತಿ ಅದು.
ಆ ಮೌನ ನಂಬಲಾಗದೆ
ಇನ್ನೊಮ್ಮೆ ಕೇಳಿದಳು.

ಬೆಳಕು ಇನ್ನೊಂದೇ ಗಂಟೆ ಉಳಿದಿರುವಾಗ
ಕೊಳವೆಯಲ್ಲಿ ಮೇವು ಗಲಗಲ. ಪಂಜರದ ನೀರು ಕುದಿಯಿತು.
ಎಲ್ಲೋ ಎರಡು ಸಾವಿರ ಚಿಲ್ಲರೆಯ ಸಾಲಲ್ಲಿ
ಒಂದು ಎಚ್ಚರಿಕೆ ಹಾಗೇ ಉಳಿದಿದೆ, ಅವಳು ಮುಟ್ಟಲಿಲ್ಲ.

ಆ ದಿನದ ರೊಟ್ಟಿ ಕಲ್ಲು.
ಮೊರ್ತನ್ ಕಾಫಿಯಲ್ಲಿ ಅದ್ದಿ ಅದ್ದಿ ತಿಂದ,
ಹೊಗಳುತ್ತ.