ಎಂಟನೇ ನಂಬರಿನ ಅಂಗಿ

ದುರ್ಗದಬೈಲಿನ ಹಳೇ ಅರಬಿ ಗುಡ್ಡೆಯೊಳಗ
ಮೂವತ್ತು ರೂಪಾಯಿಗೆ ಸಿಕ್ಕ ಅಂಗಿ ಅದು.
ಬಿಳೇದು. ಕಂಕಳದಾಗ ಒಂದೀಟು ಹಳದಿ.
ಬೆನ್ನಿಗೆ ಎಂಟು, ಎಂಟರ ಮ್ಯಾಲ
ಯಾರಿಗೂ ಓದಾಕ ಬರದ ಅಕ್ಷರ,
ಒಂದು ಖುರ್ಚಿ ಮಗಚಿ ಬಿದ್ದಂಗ,
ಒಂದು ಮುನಿಸಿಕೊಂಡು ಮಾರಿ ತಿರುವಿದಂಗ.

ಗೈಬೂಸಾಬ ನದಾಫ, ಹುಬ್ಬಳ್ಳಿ ಯಾರ್ಡಿನ ಪಾಯಿಂಟ್ಸ್‌ಮನ್,
ರೈಲ್ವೆ ಟೀಮಿನ ನಡುವಿನ ಆಟಗಾರ,
ಕೇಳಿದಷ್ಟೂ ಕೊಟ್ಟು ತಂದ.
"ಚೌಕಾಸಿ ಮಾಡಲಿಲ್ಲೇನಲೇ?" ಅಂದೆ.
"ಎಂಟಕ್ಕ ಎಂಥಾ ಚೌಕಾಸಿ" ಅಂದ.

ಯೂನಿಯನ್ ಆಫೀಸಿನ ಹನುಮಂತಸಾ ಬದ್ದಿ,
ಒಂದ ಕಾಲಕ್ಕ ರಶಿಯನ್ ಕಲಿತಾಂವ,
ಚಾಳೀಸು ಏರಿಸಿ, ಗೈಬೂನ ಬೆನ್ನಿಗೆ ಮೂಗು ಹಚ್ಚಿ ಓದಿದ:
"ಮೊದಲ ಸ್ತೊ. ಕಡೀಕ ನೊವ್.
ನಡುವಿನ್ಯಾವು ಕಿತ್ತು ಹೋಗ್ಯಾವ.
ಕೊರಳಪಟ್ಟಿ ಚೀಟಿ ನೋಡಿದ್ರ ಬಲ್ಗೇರಿಯಾದ್ದು."
"ಇರಲಿ ಬಿಡ್ರಿ ಕಾಮ್ರೇಡ್,
ನಡುವಿನ್ಯಾಂವ ನಾ ಅದೀನಲ್ಲ" ಅಂದ ಗೈಬೂ.

ಅವತ್ತಿಂದ ಅಂವ ಬಲ್ಗೇರಿಯಾ.
ಯಾರ್ಡ್ ಮಾಸ್ತರರೂ ಮೈಕಿನ್ಯಾಗ ಹಂಗ ಕರದ್ರು:
ಬಲ್ಗೇರಿಯಾ, ಏಳನೇ ಲೈನಿಗೆ ಬಾ.

ಅವನ ಆಟ ಹೇಳೂದು ಕಷ್ಟ.
ಗೋಲ್ ಹೊಡದವರ ಕತಿ ಹೇಳಬಹುದು,
ತಡದವರದೂ ಹೇಳಬಹುದು.
ಅಂವ ಬಾಲ್ ಬರೂದಕ್ಕಿಂತ ಮದ್ಲ
ಎರಡೂ ಭುಜದ ಮ್ಯಾಲಿಂದ ಒಮ್ಮೆ ಹಿಂದ ನೋಡಾಂವ,
ಪಾಯಿಂಟ್ ಎಳಿಯೂ ಮುಂದ ಲೈನ್ ನೋಡಿದಂಗ.
ಆಮ್ಯಾಲ ಒಂದ ಟಚ್.
"ಮೈಲಾರಿ, ಹೋಗ!"
ನಾ ಎಡಗಡೆ ಬ್ಯಾಕ್, ಚಕ್ರದ ಶಾಪಿನ ಫಿಟ್ಟರ್,
ಉಸಿರು ಬಿಗಿಹಿಡದು ಓಡಿ ಮುಟ್ಟಿದರ
ನನಗಿಂತ ಮದ್ಲ ಬಂದು ನಿಂತಿರತಿತ್ತು ಬಾಲ್,
ಮದಿವಿ ಮನಿ ಮುಂದ ಕಾಯೂ ಟಾಂಗಾದಂಗ.

ಇನ್‌ಸ್ಟಿಟ್ಯೂಟಿನ ವಹಿಯೊಳಗ ಹದಿನಾರು ವರ್ಷದ ಲೆಕ್ಕ ಐತಿ.
ಅವನ ಹೆಸರಿನ ಮುಂದ ಗೋಲು: ಮೂರು.
ಅದರಾಗ ಒಂದು ನಮ್ಮ ಗೋಲಿಗೇ ಹೊಡದದ್ದು.
ಪಾಸಿಗೆ ಆ ವಹಿಯೊಳಗ ಖಾನೆ ಇಲ್ಲ.

ರಾಜ್ಯದ ಟೀಮಿಗೆ ಆರಿಸಾಕ ಬೆಂಗಳೂರಿಗೆ ಕರದಿದ್ರು.
ಆ ರಾತ್ರಿ ರಿಲೀವರ್ ಬರಲಿಲ್ಲ.
"ಗೂಡ್ಸ್ ಹೊರಗ ನಿಂತಿತ್ತು, ಬಿಟ್ಟು ಹೆಂಗ ಹೋಗಲಿ,"
ಇಷ್ಟ ಹೇಳಿದ. ಮತ್ತ ಎಂದೂ ಆ ಮಾತು ತಗೀಲಿಲ್ಲ.
ನಾ ತಗದೆ, ಭಾಳ ಸಲ, ಕುಡದಾಗ.

ಗದಗಿನ ಫೈನಲ್. ಹಿಂದಿನ ದಿನ ಮಳಿ.
ಎರಿ ಮಣ್ಣು ಬೂಟು ಹಿಡಕೊಂತು, ಮೈ ತಿರುಗಿತು,
ಮಂಡಿ ತಿರುಗಲಿಲ್ಲ.
ಒಣಾ ಕಟಗಿ ಮುರದಂಥಾ ಸಪ್ಪಳ ನಮಗೂ ಕೇಳಿಸ್ತು.
ಬೀಳೂ ಮುಂದ ಪಾಸ್ ಕೊಟ್ಟ ಮಗ.
ನನಗ. ಗೋಲ್ ತೆರದಿತ್ತು. ಗೋಲ್‌ಕೀಪರ್ ಇರಲಿಲ್ಲ.
ಇಪ್ಪತ್ತಾರು ವರ್ಷ ಆತು,
ಆ ಬಾಲ್ ಇನ್ನೂ ಬೆಟಗೇರಿ ಕಡೆ ಹಾರಿ ಹೊಂಟೈತಿ.

ಸ್ಟ್ರೆಚರ್ ಇಲ್ಲದ್ದಕ್ಕ ಕಾರ್ನರಿನ ಎರಡು ಕೋಲಿಗೆ ಚಾದರ ಕಟ್ಟಿ ಹೊತ್ವಿ.
ಮಲಗಿದಲ್ಲಿಂದ ಕೇಳಿದ: "ಹೋತೇನು?"
"ಹೋತು" ಅಂದೆ.
ಸುಳ್ಳೋ ಖರೆಯೋ, ಇವತ್ತಿಗೂ ನನಗ ತಿಳೀವಲ್ದು.
ಎಲ್ಲೋ ಹೋಗಿತ್ತಲ್ಲ.

ಈಗ ಇಬ್ಬರಿಗೂ ಪೆನ್ಶನ್.
ಅಂಗಿ ಅವನ ಸೈಕಲ್ ಒರಸೂ ಅರಬಿ ಆಗೇತಿ,
ಎಂಟರಾಗ ಮ್ಯಾಲಿನ ಸೊನ್ನಿ ಅಳದು
ಕೆಳಗಿಂದಷ್ಟ ಉಳದೈತಿ.
ಕೇಶ್ವಾಪುರದ ಚಾದಂಗಡಿ ಬಾಂಕಿನ ಮ್ಯಾಲ ಕುಂತು
ಬಟ್ಟಲಾದಾಗ ಚಾ ಸುರುವಿಕೊಂಡು
ಗೈಬೂ ಒಮ್ಮೊಮ್ಮೆ ಆ ಇನ್ನೊಬ್ಬನ್ನ ನೆನಸತಾನ.
ಅವನ ಹೇಣ್ತಿನೋ ಅವ್ವನೋ
ಒಂದಿನ ಕಪಾಟ ಹಸನ ಮಾಡಿ
ಆ ಅಂಗಿ ಚೀಲದಾಗ ತುರುಕಿರಬೇಕು.
ಅವನದೂ ಒಂದು ವಹಿ ಇರಬೇಕು,
ಊರು, ಕ್ಲಬ್ಬು, ಆಡಿದ್ದೆಷ್ಟು, ಹೊಡದದ್ದೆಷ್ಟು.

"ಮೈಲಾರಿ, ಅವನ ಮಂಡಿ ಹೆಂಗೈತೋ ಏನೋ.
ಆ ಕಡೆ ಥಂಡಿ ಭಾಳಂತ."
ಬಟ್ಟಲಾ ಇಟ್ಟು, ಗ್ವಾಡಿ ಹಿಡದು ಏಳತಾನ,
ಎರಡೂ ಭುಜದ ಮ್ಯಾಲಿಂದ ಒಮ್ಮೆ ಹಿಂದ ನೋಡಿ
ಕುಂಟಕೋತ ರಸ್ತೆ ದಾಟತಾನ.