ಉಬ್ಬರದ ಬಾವಿ

ಸುಲಭದ ದಾರಿ, ಮೂರು ಗಂಟೆ ಎಂದಿತ್ತು ಹಲಗೆ.
ಎರಡನೆಯ ಗಂಟೆಗೇ ನನ್ನ ಎಡಗಾಲ ಬೂಟಿನ ಅಟ್ಟೆ
ಬಾಯಿ ಬಿಟ್ಟಿತು.
ಅಟ್ಲಾಂಟಿಕಿನ ನಡುವೆ ಈ ಪೀಕು ದ್ವೀಪದ ಕಲ್ಲೇ ಹಾಗೆ:
ಹರಿಯುತ್ತಿದ್ದದ್ದು ಹರಿಯುತ್ತಲೇ ಸತ್ತು
ಇನ್ನೂ ಸಿಟ್ಟು ಇಳಿಯದ ಕಪ್ಪು.
ಮಡಿಕೆ, ಸುರುಳಿ, ಹಗ್ಗ, ಬಿರಿದ ಹೊಟ್ಟೆ;
ಯಾರೋ ಹಿಟ್ಟು ನಾದುತ್ತ ನಾದುತ್ತ
ಕರೆದರೆಂದು ಎದ್ದು ಹೋದ ಹಾಗೆ.

ಕೆಳಗೆ ಕಡಲು. ಅದಕ್ಕಿಲ್ಲಿ ಮರಳಿಲ್ಲ,
ಮೆತ್ತಗೆ ಬರುವ ಅಭ್ಯಾಸವಿಲ್ಲ.
ಕಮಾನಿನೊಳಗೆ ನುಗ್ಗಿ, ಎಲ್ಲೋ ಬಿಲದಲ್ಲಿ ಉಸಿರುಗಟ್ಟಿ,
ನಮ್ಮ ಕಾಲಬುಡದ ತೂತಿನಿಂದ
ಫೂ ಎಂದು ಮುಖಕ್ಕೇ ಉಗುಳುತ್ತದೆ.
ಜೊತೆಗಿದ್ದ ಜರ್ಮನ್ ದಂಪತಿ ನಕ್ಕರು.
ನಾನು ಕನ್ನಡಕ ಒರೆಸಿಕೊಂಡೆ.

ದಾರಿ ತೋರುವ ಗುವಾಲ್ತೆರ್ ಬಂಡೆಯ ಮೇಲೆ
ಎರಡು ಗೆರೆ ತೋರಿಸಿದ, ಪಕ್ಕದಲ್ಲಿ ವಿವರದ ಹಲಗೆ:
ಎತ್ತಿನ ಗಾಡಿಯ ಜಾಡು, ಗೇಣು ಆಳ.
ದ್ರಾಕ್ಷಾರಸದ ಪೀಪಾಯಿ ಹೊತ್ತು ದೋಣಿಗಿಳಿದ ಗಾಲಿಗಳು
ಒಮ್ಮೆ ಬೆಂಕಿಯಾಗಿದ್ದುದನ್ನು
ವರುಷಕ್ಕೆ ಕೂದಲೆಳೆಯಷ್ಟು ಸವೆಸಿದ್ದು.
ಪಾದ ಇಟ್ಟು ನೋಡಿದೆ. ಸರಿಯಾಗಿ ಹೊಂದಿತು,
ಬಾಯಿಬಿಟ್ಟ ಬೂಟು ಸಹಿತ.

ಆ ಬದಿ, ಎದೆಮಟ್ಟದ ಕಪ್ಪು ಗೋಡೆಗಳ ನಡುವೆ
ಒಂದೊಂದೇ ಬಳ್ಳಿ, ಮಣ್ಣೇ ಇಲ್ಲದಲ್ಲಿ,
ಬಿರುಕಿಗೆ ಬೆರಳು ತೂರಿಸಿಕೊಂಡು.
ಅಲ್ಲಿ ಬಗ್ಗಿದ್ದ ಇದಲೀನಾ ನೆಟ್ಟಗಾದಳು,
ಎಪ್ಪತ್ತರ ಮೇಲೆ ಎಷ್ಟೋ. ತಲೆಗೆ ಗಂಡಸರ ಟೋಪಿ.
ನೀರು ಬೇಕೇ ಎಂದಳು. ಬಾಟಲಿಯಿದೆ ಎಂದೆ.
ಇದು ಬಾಟಲಿಯದಲ್ಲ ಎಂದಳು.

ಅಲೆಗೆ ಹತ್ತು ಮಾರು ದೂರ, ಬಂಡೆ ಕೊರೆದ ಬಾವಿ.
ಕಡಲು ಉಬ್ಬಿದರೆ ಅದೂ ಉಬ್ಬುತ್ತದೆ,
ಇಳಿದರೆ ಇಳಿಯುತ್ತದೆ. ಇಳಿದಾಗ ಸೇದಬೇಕು.
ಅವಳ ಅಜ್ಜಿ ನಡುರಾತ್ರಿ ಎದ್ದು
ಚಂದ್ರನನ್ನು ನೋಡಿ ಕೊಡ ಎತ್ತಿಕೊಳ್ಳುತ್ತಿದ್ದಳಂತೆ.
ಅಂಚುಗಲ್ಲಿನ ಮೇಲೆ ಹಗ್ಗ ಉಜ್ಜಿದ ಗೀರುಗಳು,
ಗಾಡಿಯ ಜಾಡಿಗಿಂತ ತೆಳು, ಎಣಿಸಹೋದರೆ ಮುಗಿಯವು.
ಅವಕ್ಕೆ ಯಾರೂ ಹಲಗೆ ನೆಟ್ಟಿಲ್ಲ.

ತಗಡಿನ ಡಬ್ಬಿಯಲ್ಲಿ ಸೇದಿ ಮೊದಲು ತಾನು ಕುಡಿದಳು.
ಇವತ್ತು ಸಿಹಿಯಿದೆ ಎಂದಳು.
ನನಗೆ ಉಪ್ಪೇ. ಬರಿ ಉಪ್ಪು, ಆಮೇಲೆ ತಣ್ಣನೆಯ ಕಬ್ಬಿಣ.
ಉಪ್ಪು ತಿಂದವರು ನೀರು ಕುಡಿಯಲೇಬೇಕು
ಎನ್ನುವ ಭಾಷೆಯಿಂದ ಬಂದವಳು ನಾನು;
ಇಲ್ಲಿ ನೀರೇ ಉಪ್ಪು ತಿಂದು ಕೂತಿದೆ,
ಅದು ಏನು ಕುಡಿಯಬೇಕು?
ಗುವಾಲ್ತೆರನಿಗೆ ಹೇಳಿದೆ, ಅವನು ಅವಳಿಗೆ ಹೇಳಿದ.
ಎರಡು ಭಾಷೆ ದಾಟುವಷ್ಟರಲ್ಲಿ ಗಾದೆ ಏನಾಗಿತ್ತೋ,
ಅವಳು ನನ್ನ ಬೂಟು ನೋಡಿ ನಕ್ಕಳು.
ಬಳ್ಳಿ ಕಟ್ಟುವ ನಾರು ತಂದು
ಅಟ್ಟೆಯನ್ನು ಮೂರು ಸುತ್ತು ಬಿಗಿದಳು.

ರಾತ್ರಿ, ಕಿಟಕಿಯಾಚೆ, ಬಂಡೆಗೂಡಿಗೆ ಮರಳಿದ ಕಡಲಹಕ್ಕಿಗಳು
ಅವಾ ಅವಾ ಎಂದು
ಹಾಲು ಬಿಡದ ಕೂಸುಗಳಂತೆ ರಚ್ಚೆ ಹಿಡಿದಿದ್ದವು.
ಉಬ್ಬರವೋ ಇಳಿತವೋ, ಹಾಸಿಗೆಯಲ್ಲಿ ಹೇಗೆ ಗೊತ್ತಾಗಬೇಕು?
ಚಂದ್ರ ಆ ಕಡೆಯ ಗೋಡೆಯಲ್ಲಿದ್ದ.
ಎದ್ದು, ಬಾಟಲಿ ತೆರೆದು, ಕುಡಿದೆ.

ಸಪ್ಪೆ.